ಮಂಚದಿಂದ ಹಾರ್ನಿಗೆ

ಅತ್ತೆ ತೀರಿಕೊಂಡ ಮೇಲೆ ಬಂದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಎಲ್ಲರೂ ತಟ್ಟೆ ಮುಂದೆ ಕೂತಿರುವಾಗ, ಶೆಡ್ಡಿನಲ್ಲಿದ್ದ ಹಳೇ ಕಾರು ತನ್ನಷ್ಟಕ್ಕೆ ತಾನೇ ಹಾರ್ನ್ ಹೊಡೆಯಿತು.

ಸಣ್ಣಗಲ್ಲ, ಉದ್ದಕ್ಕೆ. ಯಾರೋ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟು ಮರೆತ ಹಾಗೆ. ಆಮೇಲೆ ನಿಂತಿತು.

ಸೊಸೆಯ ಕೈಯಲ್ಲಿದ್ದ ಸೌಟು ಬೇಳೆಯ ಪಾತ್ರೆಯೊಳಗೆ ಬಿತ್ತು. ಮಗ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಬಿಟ್ಟ. ಮುದುಕ ಮಾತ್ರ, ಇದು ದಿನಾ ನಡೆಯುವುದೇ ಎಂಬಂತೆ, "ಬಂದೆ, ಬಂದೆ" ಎನ್ನುತ್ತ ಎಂಜಲು ಕೈಯಲ್ಲೇ ಎದ್ದ. ಎದ್ದವನು ಶೆಡ್ಡಿಗೆ ಹೋಗಲಿಲ್ಲ, ಒಳಕೋಣೆಗೆ ಹೋದ. ಅಲ್ಲಿ ಮಂಚವಿತ್ತು, ಸುತ್ತಿಟ್ಟ ಹಾಸಿಗೆಯಿತ್ತು, ಮನುಷ್ಯರು ಯಾರೂ ಇರಲಿಲ್ಲ.

"ಅಪ್ಪಾ, ಎಲ್ಲೋ ಶಾರ್ಟ್ ಆಗಿದೆ ಅಷ್ಟೇ. ಹಳೇ ವೈರು" ಎಂದು ಮಗ ಕೂತಲ್ಲಿಂದಲೇ ಕೂಗಿ ಹೇಳಿದ.

ಸ್ವಲ್ಪ ಹೊತ್ತಿಗೆ ಮುದುಕ ಹೊರಗೆ ಬಂದು ಕೈ ತೊಳೆದುಕೊಂಡ. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಒಮ್ಮೆ ಎದ್ದ ತಟ್ಟೆಗೆ ಮತ್ತೆ ಕೂರುವ ಅಭ್ಯಾಸ ಅವನಿಗಿರಲಿಲ್ಲ.

ಆ ಮನೆಯ ಹಾರ್ನಿನ ಕಥೆ ಗೊತ್ತಿಲ್ಲದವರಿಗೆ ಇದರಲ್ಲಿ ಹೆದರುವಂಥದ್ದೇನು ಅನ್ನಿಸಬಹುದು. ಮುದುಕನನ್ನು ಬೀದಿಯವರೆಲ್ಲ ಡ್ರೈವರಪ್ಪ ಅನ್ನುತ್ತಿದ್ದರು. ಬೂದು ಬಣ್ಣದ, ದುಂಡು ಬೆನ್ನಿನ ಆ ಕಾರನ್ನು ಬಾಡಿಗೆಗೆ ಓಡಿಸಿಯೇ ಸಂಸಾರ ಸಾಕಿದವನು. ಕಣ್ಣು ಮಂಜಾದ ಮೇಲೆ ರಸ್ತೆ ಬಿಟ್ಟ, ಕಾರನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಶೆಡ್ಡು, ಒರೆಸುವುದು, ಬ್ಯಾಟರಿಗೆ ನೀರು ಹಾಕುವುದು, ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಒಂದು ನಿದ್ದೆ. ಹೆಂಡತಿಗೆ ಲಕ್ವ ಹೊಡೆದು ಮಂಚ ಹಿಡಿದಾಗ, ಅವಳ ದನಿ ಪಕ್ಕದ ಕೋಣೆಗೂ ಕೇಳದಷ್ಟು ಇಳಿಯಿತು. ಆಗ ಡ್ರೈವರಪ್ಪ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ. ಮಂಚದ ಪಕ್ಕಕ್ಕೆ ಒಂದು ಬೆಲ್ ಸ್ವಿಚ್ಚು, ಅದರಿಂದ ಎರಡು ತಂತಿ. ಅವು ಕಿಟಕಿಯ ಸರಳಿನ ಸಂದಿಯಲ್ಲಿ ಹೊರಬಿದ್ದು, ಗೋಡೆ ಹಿಡಿದು ಶೆಡ್ಡಿಗೆ ಇಳಿದು, ಕಾರಿನ ಮುಂದಿನ ಜಾಲರಿಯೊಳಗೆ ನುಗ್ಗಿ, ಒಂದು ಹಾರ್ನಿಗೆ, ಇನ್ನೊಂದು ಬಾಡಿಯ ತಗಡಿಗೆ ಸೇರುತ್ತಿದ್ದವು. ಮುದುಕಿ ಗುಂಡಿ ಒತ್ತಿದರೆ ಹಾರ್ನ್. ಮೊದಲ ದಿನ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಆಮೇಲೆ ನಾಯಿಗಳಿಗೂ ರೂಢಿಯಾಯಿತು.

ಕರೆಯುತ್ತಿದ್ದದ್ದು ಗಂಡನನ್ನು. ಓಡುತ್ತಿದ್ದದ್ದು ಸೊಸೆ. ಡ್ರೈವರಪ್ಪ ಶೆಡ್ಡಿನಿಂದ ಎದ್ದು ಅಡುಗೆಮನೆ ಬಾಗಿಲವರೆಗೆ ಬಂದು, "ಏನಂತೆ ನೋಡಮ್ಮ" ಎಂದು ಹೇಳಿ ವಾಪಸ್ಸು ಹೋಗುವನು. ನೀರು, ಹೊರಳಿಸುವುದು, ಬಟ್ಟೆ ಬದಲಾಯಿಸುವುದು, ಸುಮ್ಮನೆ ಯಾಕೋ ಕರೆದದ್ದು, ಎಲ್ಲಕ್ಕೂ ಅವಳೇ. ಅವಳಿಗೆ ಮನೆಯಲ್ಲೇ ಕೂತು ಶರ್ಟಿನ ಗುಂಡಿ, ಕಾಲರು ಹೊಲಿದುಕೊಡುವ ಕೆಲಸ. ಒಂದು ಗುಂಡಿ ಹೊಲಿಯುವಷ್ಟರಲ್ಲಿ ಎರಡು ಸಲ ಹಾರ್ನ್ ಆದ ದಿನಗಳೂ ಉಂಟು.

ಅಂಥ ಒಂದು ಮಧ್ಯಾಹ್ನ ಅತ್ತೆ ಸದ್ದಿಲ್ಲದೆ ಹೋಗಿಬಿಟ್ಟರು. ಸಂಜೆ ಚಹಾ ತೆಗೆದುಕೊಂಡು ಹೋದ ಸೊಸೆಯೇ ಮೊದಲು ನೋಡಿದ್ದು.

ಈಗ ಮತ್ತೆ ಹಾರ್ನ್.

ಮರುದಿನವೂ ಆಯಿತು. ಅದೇ ಊಟದ ಹೊತ್ತು. ಡ್ರೈವರಪ್ಪ ಮತ್ತೆ "ಬಂದೆ" ಎಂದು ಎದ್ದ. ಮೂರನೆಯ ದಿನ ಮಗ ರೇಗಿದ. ಅವನು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುವವನು, ಅವನಿಗೆ ಯಾವುದೇ ಸಮಸ್ಯೆಗೂ ಕತ್ತರಿಸುವುದೇ ಮದ್ದು.

"ಬ್ಯಾಟರಿ ಕಳಚಿಟ್ರೆ ಆಯ್ತಪ್ಪ. ಕಥೆ ಮುಗೀತು."

"ಕಳಚು. ಆಮೇಲೆ ನಿಮ್ಮಮ್ಮ ನನ್ನ ಹ್ಯಾಗೆ ಕರೀಬೇಕು?"

"ಅಪ್ಪಾ, ಅಮ್ಮ ಇಲ್ಲ."

"ಇಲ್ಲ ಅಂತ ನನಗೂ ಗೊತ್ತು ಕಣೋ. ಹೊತ್ತವರಲ್ಲಿ ನಾನೂ ಒಬ್ಬ." ಮುದುಕ ಲೋಟ ಕೆಳಗಿಟ್ಟ. "ಅವತ್ತು ಅವಳು ಕರೆದಿರ್ತಾಳೆ. ನಾನು ಹಿಂದಿನ ಸೀಟಲ್ಲಿ ಬಿದ್ಕೊಂಡಿದ್ದೆ. ಊರಿಗೇ ಕೇಳೋ ಹಾರ್ನು, ನಾಲ್ಕು ಮಾರು ದೂರದಲ್ಲಿ ಮಲಗಿದ್ದವನಿಗೆ ಕೇಳಿಸ್ಲಿಲ್ಲ ಅಂದ್ರೆ ನಾನು ಎಂಥಾ ಹೆಣ ಇರಬೇಕು!"

"ಅವತ್ತು ಯಾರಿಗೂ ಕೇಳಿಸ್ಲಿಲ್ವಲ್ಲ ಮಾವ" ಅಂದಳು ಸೊಸೆ. ಪಾತ್ರೆ ಉಜ್ಜುತ್ತಿದ್ದವಳು ತಿರುಗಲಿಲ್ಲ.

"ಬೀದಿಯವರಿಗೆ ರೂಢಿ ಆಗಿತ್ತು, ಯಾರು ಗಮನ ಕೊಡ್ತಾರೆ? ನೀನು ದಣಿದಿದ್ದೆ, ನಿದ್ದೆ ಹೋಗಿದ್ದೆ, ನಿನ್ನ ತಪ್ಪಿಲ್ಲ ತಾಯಿ. ಕರೆದಿದ್ದು ನನ್ನನ್ನ." ಅವನು ಒಳಕೋಣೆಯ ಕಡೆ ನೋಡಿದ. "ಈಗ ಮತ್ತೆ ಕರೀತಿದಾಳೆ. ಈ ಸಲ ಒಂದನ್ನೂ ಬಿಡಲ್ಲ ನಾನು."

ಸೊಸೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರಾದರೂ ಆಗ ಅವಳ ಕಡೆ ನೋಡಿದ್ದರೆ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ.

ಮೊಮ್ಮಗಳು ಫ್ಯಾನು, ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಮೋಟಾರು ಸುತ್ತುವವಳು. ತುರುಬಿನಲ್ಲಿ ಯಾವಾಗಲೂ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಮನೆಯಲ್ಲೂ ಅಂಗಡಿಯಲ್ಲೂ ಅವಳ ಹೆಸರೇ ಟೆಸ್ಟರು. ರಜೆಯ ದಿನ ಅವಳು ಅಜ್ಜನ ಪಕ್ಕ ಶೆಡ್ಡಿನಲ್ಲಿ ಕೂತು ಚೌಕಾಸಿ ಮಾಡಿದಳು.

"ಅಜ್ಜ, ಕಾರಿನ ವೈರಿಂಗ್ ಎಲ್ಲಾ ಒಂದ್ಸಲ ನೋಡ್ತೀನಿ."

"ಹಾರ್ನ್ ಮುಟ್ಟಬಾರದು."

"ಹಾರ್ನ್ ಬಿಟ್ಟು ಬೇರೆ?"

ಡ್ರೈವರಪ್ಪ ಯೋಚಿಸಿದ. ಕಾರಿಗೆ ಬೇರೆ ರೋಗಗಳೂ ಇದ್ದದ್ದು ನಿಜ. ಬ್ರೇಕ್ ತುಳಿದರೆ ವೈಪರು ಒಂದು ಗೇಣು ಎದ್ದು ಬೀಳುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಕಣ್ಣು ಮಿಟುಕಿಸುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ತುಂಬಿದೆ ಅನ್ನುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

"ಅದನ್ನ ಬೇಕಾದ್ರೆ ಮಾಡು. ಹಾರ್ನ್ ಕಡೆ ಕೈ ಹೋದ್ರೆ ನಿನ್ನ ಟೆಸ್ಟರನ್ನ ಮುರಿದು ಒಲೆಗೆ ಹಾಕ್ತೀನಿ."

ವಾರಗಟ್ಟಲೆ ಅವಳ ರಜೆಗಳೆಲ್ಲ ಅಲ್ಲೇ ಕಳೆದವು. ತುಕ್ಕು ಹಿಡಿದ ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಹೊಸ ತಂತಿ ಹಾಕಿ ಬಿಗಿದಳು. ಒಮ್ಮೆ ಅಮ್ಮ ಚಹಾ ತಂದುಕೊಟ್ಟಾಗ, ಇದೇನೇ ಭೂತಚೇಷ್ಟೆ, ಬ್ರೇಕಿಗೂ ವೈಪರಿಗೂ ಏನು ನಂಟು ಎಂದು ಕೇಳಿದಳು.

"ಭೂತ ಅಲ್ಲಮ್ಮ. ಹೋದ ಕರೆಂಟು ವಾಪಸ್ಸು ಮನೆಗೆ ಬರಬೇಕು. ಕಾರಲ್ಲಿ ಬಾಡಿ ತಗಡೇ ಅದಕ್ಕೆ ವಾಪಸ್ಸು ಬರೋ ರಸ್ತೆ. ತುಕ್ಕು ಹಿಡಿದು ತನ್ನ ಬಾಗಿಲು ಮುಚ್ಚಿದ್ರೆ ಪಕ್ಕದ ಮನೆ ಒಳಗಿಂದ ತೂರಿಕೊಂಡು ಹೋಗುತ್ತೆ. ಹೋಗ್ತಾ ಅವರ ಪಾತ್ರೆನೂ ಉರುಳಿಸುತ್ತೆ."

"ಮತ್ತೆ ಹಾರ್ನು?"

"ಅದು ಇನ್ನೂ ಸುಲಭ. ಅದರಲ್ಲಿ ಕರೆಂಟ್ ಸದಾ ಬಂದು ನಿಂತಿರುತ್ತೆ. ತಂತಿ ತುದಿ ಎಲ್ಲಾದ್ರೂ ತಗಡಿಗೆ ತಗುಲಿದ್ರೆ ಸಾಕು, ಕೂಗುತ್ತೆ. ಅಜ್ಜಿ ಸ್ವಿಚ್ಚೂ ಅದನ್ನೇ ಮಾಡ್ತಿದ್ದಿದ್ದು."

ಅಮ್ಮ ಚಹಾ ಲೋಟ ಅಲ್ಲೇ ಬಿಟ್ಟು ಒಳಗೆ ಹೋದಳು.

ಹೆದರಿಕೆ ಯಾರಿಗೆ ಹೆಚ್ಚು ಅಂದರೆ ಅವಳಿಗೆ. ಮಗನಿಗೆ ಅದು ಶಾರ್ಟು, ಮುದುಕನಿಗೆ ಅದು ಹೆಂಡತಿ, ಮೊಮ್ಮಗಳಿಗೆ ಅದು ಕೆಲಸ. ಸೊಸೆಗೊಬ್ಬಳಿಗೇ ಗೊತ್ತಿತ್ತು, ಮಂಚದಿಂದ ಹಾರ್ನಿಗೆ ಹೋಗುವ ತಂತಿ ತುಂಡಾಗಿದೆ ಅಂತ. ತುಂಡಾದ ತಂತಿಯಲ್ಲಿ ಯಾರು ಕರೆಯಲು ಸಾಧ್ಯ?

ಮಧ್ಯಾಹ್ನ ಎಲ್ಲರಿಗೂ ತಟ್ಟೆ ಹಾಕಿಟ್ಟು ಅವಳು ಶರ್ಟುಗಳ ಗಂಟು ಹೊತ್ತುಕೊಂಡು ಎದುರುಮನೆಯ ಜಗುಲಿಗೆ ಹೋಗತೊಡಗಿದಳು. ಎದುರುಮನೆಯವಳು ನಕ್ಕಳು. "ಅತ್ತೆ ಬದುಕಿದ್ದಾಗ ಮನೆ ಬಿಡ್ತಿರ್ಲಿಲ್ಲ, ಈಗೇನೇ?" ಅಲ್ಲಿಗೂ ಹಾರ್ನ್ ಕೇಳಿಸುತ್ತಿತ್ತು. ಹಾರ್ನ್ ಆದ ಮೇಲೆ ಮಾವನ ಚಪ್ಪಲಿ ನೆಲಕ್ಕೆ ಎಳೆಯುವ ಸದ್ದು, ಒಳಕೋಣೆಯ ಬಾಗಿಲು ಕಿರುಗುಟ್ಟುವ ಸದ್ದು. ಆ ಸದ್ದುಗಳು ಕೇಳಿಸದಷ್ಟು ದೂರ, ಆದರೂ ಅವಳಿಗೆ ಕೇಳಿಸುತ್ತಿತ್ತು.

ಒಂದು ದಿನ ಮುದುಕ ಸ್ನಾನಕ್ಕೆ ಇಳಿದಿದ್ದಾಗ ಅವಳು ಒಳಕೋಣೆಗೆ ನುಗ್ಗಿದಳು. ದಾರ ಕತ್ತರಿಸುವ ಕತ್ತರಿಯಿಂದ ಮಂಚದ ಸ್ವಿಚ್ಚನ್ನೇ ತಂತಿಸಮೇತ ಕತ್ತರಿಸಿ, ಚೀಲದಲ್ಲಿ ಸುತ್ತಿ, ಬೀದಿ ಕೊನೆಯ ಕಸದ ತೊಟ್ಟಿಗೆ ಎಸೆದು ಬಂದಳು. ತೊಟ್ಟಿಯ ಗಾಡಿ ಬಂದು ಕಸ ಒಯ್ದದ್ದನ್ನು ನಿಂತು ನೋಡಿದಳು. ಮನೆಗೆ ಬಂದು ಅನ್ನಕ್ಕಿಟ್ಟಳು. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು, ಗಂಡನ ಜೊತೆ ಒಂದು ತಮಾಷೆಯನ್ನೂ ಆಡಿದಳು.

ತಟ್ಟೆಗೆ ಬಡಿಸುವಾಗ ಹಾರ್ನ್ ಆಯಿತು. ಅವತ್ತು ಎಂದಿಗಿಂತ ಉದ್ದವಾಗಿ ಆಯಿತು.

"ಬಂದೆ, ಬಂದೆ, ಕೋಪ ಮಾಡ್ಕೋಬೇಡ್ವೇ" ಎನ್ನುತ್ತ ಡ್ರೈವರಪ್ಪ ಎದ್ದ.

ಸೊಸೆ ಅನ್ನದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಸುಡ್ರೀ ಆ ಕಾರನ್ನ! ಮಾರಿ, ಮುರೀರಿ, ಏನಾದ್ರೂ ಮಾಡಿ. ಆ ಶನಿ ಈ ಮನೇಲಿ ಇದ್ರೆ ನಾನಿರಲ್ಲ!"

"ನಿನಗೇನಾಯ್ತೇ?" ಗಂಡ ಬೆರಗಾದ. "ಅಪ್ಪ ಎದ್ದು ಹೋಗ್ತಾರೆ, ಬರ್ತಾರೆ. ನಿನ್ನ ಗಂಟೇನು ಹೋಗುತ್ತೆ?"

"ತಟ್ಟೆ ನೋಡಿ. ದಿನಾ ನಾಲ್ಕು ತುತ್ತಿಗೆ ಏಳ್ತಾರೆ. ಅವರ ಅಂಗಿ ನೋಡಿದೀರಾ? ಗೂಟಕ್ಕೆ ತಗುಲಿ ಹಾಕಿದ ಹಾಗಿದೆ. ಕಾಲರು ಹೊಲಿಯೋಳು ನಾನು, ನನಗೆ ಕಾಣುತ್ತೆ. ನಿಮ್ಮ ಕಣ್ಣು ಎಲ್ಲಿಟ್ಟಿದೀರಿ?"

ಅದು ನಿಜ. ಮುದುಕ ಕರಗುತ್ತಿದ್ದ. ಸೊಸೆ ಊಟಕ್ಕೆ ಬೇಗ ಬಡಿಸಿ ನೋಡಿದಳು, ತಡವಾಗಿ ಬಡಿಸಿ ನೋಡಿದಳು. ಬೇಗ ಬಡಿಸಿದರೆ "ಅವಳು ಕರೆದ ಮೇಲೆ ತಿಂತೀನಿ" ಅನ್ನುವನು, ತಡವಾಗಿ ಬಡಿಸಿದರೆ "ಈಗ ತಾನೇ ಅವಳನ್ನ ನೋಡ್ಕೊಂಡು ಬಂದೆ, ಹಸಿವಿಲ್ಲ" ಅನ್ನುವನು. ಮೊಟ್ಟೆ ಬೇಯಿಸಿ ಕೊಟ್ಟರೆ ಜೇಬಿನಲ್ಲಿಟ್ಟುಕೊಂಡು ಮಂಚದ ಮೇಲೆ ಇಟ್ಟು ಬರುವನು. ಆ ಮೊಟ್ಟೆಗಳನ್ನು ಸಂಜೆ ತೆಗೆದು ಎಸೆಯುವ ಕೆಲಸವೂ ಸೊಸೆಯದೇ. ಕೊನೆಗೊಂದು ದಿನ ಹಾರ್ನ್ ಕೇಳಿ ಓಡಲು ಹೋಗಿ ಹೊಸ್ತಿಲಿಗೆ ಕಾಲು ಸಿಕ್ಕಿ ಬಿದ್ದ. ಹಣೆ ಒಡೆಯಿತು. ಮಗ ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಅವರು ಹೋದದ್ದೇ ತಡ, ಟೆಸ್ಟರು ಬಾನೆಟ್ ಎತ್ತಿದಳು. ಅಜ್ಜನಿಗೆ ಕೊಟ್ಟ ಮಾತು ಅಜ್ಜನಿಗಿಂತ ದೊಡ್ಡದಲ್ಲ ಎಂದುಕೊಂಡಳು.

ಹಾರ್ನಿನಿಂದ ಹೊರಟ ತಂತಿಯನ್ನು ಬೆರಳಲ್ಲಿ ಹಿಡಿದು ಬಂದಳು. ಮುಂದಿನ ದೀಪದ ಹಿಂದೆ, ಜಾಲರಿಯ ಹತ್ತಿರ, ಅದು ಮುಗಿದೇ ಹೋಯಿತು. ಇಲಿ ಕಡಿದದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು. ಮಂಚದ ಕಡೆಯ ತುಂಡು ಜಾಲರಿಗೆ ಜೋತುಬಿದ್ದಿತ್ತು. ಹಾರ್ನಿನ ಕಡೆಯ ತುಂಡಿನ ತುದಿಗೆ ಏನೋ ಬಿಳಿಯ ಬಟ್ಟೆ. ಅರ್ಧ ಭಾಗವನ್ನು ಇಲಿ ತಿಂದು ತಾಮ್ರ ಹೊರಗೆ ಇಣುಕುತ್ತಿತ್ತು. ಅದಕ್ಕೂ ಮಡ್‌ಗಾರ್ಡಿನ ತಗಡಿಗೂ ನಡುವೆ ಒಂದು ಕೂದಲೆಳೆ ಜಾಗ. ಅವಳು ನೋಡುತ್ತಿದ್ದ ಹಾಗೆ, ಬಿಸಿಲಿಗೆ ಅಡ್ಡ ಬಂದಿದ್ದ ಮೋಡ ಸರಿದು, ಶೆಡ್ಡಿನ ಮಾಡಿನ ತೂತಿನ ಬಿಸಿಲಕೋಲು ಮತ್ತೆ ಆ ತಗಡಿನ ಮೇಲೆಯೇ ಬಂದು ನಿಂತಿತು. ತಗಡು ಕಾದು ಟಿಕ್ಕೆಂದಿತು, ಉಬ್ಬಿತು. ಹಾರ್ನ್ ಅವಳ ಮುಖದ ಮೇಲೇ ಕಿರುಚಿತು.

ಅವಳು ತಂತಿಯನ್ನು ಬದಿಗೆ ಸರಿಸಿದಳು. ಎಲ್ಲ ನಿಶ್ಶಬ್ದ. ಉಳಿದ ಬಟ್ಟೆ ತುಂಡನ್ನು ಬೆಳಕಿಗೆ ಹಿಡಿದಳು. ಕಾಲರಿನ ಒಳಗೆ ಇಡುವ ಗಂಜಿಬಟ್ಟೆ. ತಂತಿಗೆ ಮೂರು ಸುತ್ತು ಸುತ್ತಿ, ಬಿಚ್ಚದ ಹಾಗೆ ಹೊಲಿದಿತ್ತು. ಕೊನೆಯಲ್ಲಿ ಗುಂಡಿಯ ಬುಡಕ್ಕೆ ಹಾಕುವ ಗಂಟು. ಆ ಗಂಟನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು.

ಅಮ್ಮ ನಡುಮನೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಗಳು ಬಟ್ಟೆ ತುಂಡನ್ನು ಅವಳ ಮಡಿಲಲ್ಲಿದ್ದ ಶರ್ಟಿನ ಮೇಲಿಟ್ಟಳು.

"ಅಮ್ಮ, ಇದು ನಿನ್ನ ಕೈ ಹೊಲಿಗೆ."

ಅಮ್ಮ ಸೂಜಿಯನ್ನು ಶರ್ಟಿಗೆ ಚುಚ್ಚಿಟ್ಟಳು. "ಕರೆಂಟ್ ಹೊಡೀಬಾರದು ಅಂತ ಸುತ್ತಿದ್ದೆ" ಅಂದಳು. "ಮಾವ ಅಲ್ಲೇ ಓಡಾಡ್ತಿರ್ತಾರೆ, ಕೈ ತಗುಲಿದ್ರೆ ಅಂತ."

"ಯಾವಾಗ?"

"ಅವತ್ತು."

ಅಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಹಿಂದಿನ ರಾತ್ರಿ ಅತ್ತೆ ಕಣ್ಣು ಮುಚ್ಚಿರ್ಲಿಲ್ಲ, ನನ್ನನ್ನೂ ಮುಚ್ಚೋಕೆ ಬಿಟ್ಟಿರ್ಲಿಲ್ಲ. ಅದರ ಹಿಂದಿನ ರಾತ್ರಿನೂ. ಸೂಜಿ ಹಿಡಿದ್ರೆ ಎರಡೆರಡು ಕಾಣ್ತಿತ್ತು ನನಗೆ. ಮಧ್ಯಾಹ್ನ ಊಟ ಮಾಡಿಸಿ, ಹೊದಿಸಿ ಬಂದೆ. ಒಂದು ಗಂಟೆ, ಒಂದೇ ಒಂದು ಗಂಟೆ ಆ ಹಾರ್ನ್ ಸುಮ್ಮನಿದ್ರೆ ಸಾಕು ಅನ್ನಿಸ್ತು. ಮಾವ ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿದ್ರು. ಜಾಲರಿ ಹತ್ರ ಕೂತು ಕತ್ತರಿಸಿದೆ. ಸಂಜೆ ಮತ್ತೆ ಗಂಟು ಹಾಕೋಣ ಅಂತಿದ್ದೆ ಕಣೇ."

"ಒಂದೇ ತಂತಿ ಕತ್ತರಿಸಿದೀಯ. ಎರಡು ತಂತೀನೂ ಸೇರಿಸಿ ಕತ್ತರಿಸಿದ್ರೆ ಆ ಕತ್ತರಿನೇ ಹಾರ್ನ್ ಹೊಡೆಸ್ತಿತ್ತು" ಅಂದಳು ಮಗಳು. "ಈಗ ಕೂಗ್ತಿರೋದೂ ಅದೇ ಅಮ್ಮ. ನೀನು ಕತ್ತರಿಸಿದ ತುದಿನೇ. ಗಂಜಿ ವಾಸನೆಗೆ ಇಲಿ ಬಟ್ಟೆ ತಿಂದಿದೆ, ತಗಡು ಕಾದಾಗ ತಗುಲುತ್ತೆ. ಅಜ್ಜಿ ಅಲ್ಲ."

ಅಮ್ಮನಿಗೆ ಸಮಾಧಾನವಾಗಬೇಕಿತ್ತು. ಅವಳ ಮುಖ ಇನ್ನೂ ಬಿಳಿಚಿಕೊಂಡಿತು. "ಸುಮ್ಮನಿರಲಿ ಅಂತ ಕತ್ತರಿಸಿದ್ದೇ ಕರೀತಿದೆ ಅಂದ್ರೆ, ಅತ್ತೆ ಅಲ್ಲ ಅಂತ ಹ್ಯಾಗೆ ಹೇಳ್ತೀಯ?"

ಮಗಳು ತುದಿಗೆ ಟೇಪು ಸುತ್ತಿ, ತಂತಿಯನ್ನು ದೂರ ಕಟ್ಟಿ ಬಾನೆಟ್ ಮುಚ್ಚಿದಳು. ಯಾರಿಗೂ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಳ್ಳಲೂ ಇಲ್ಲ, ಒಪ್ಪಂದವಾಗಿಬಿಟ್ಟಿತು. ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಎಂಬ ಲೆಕ್ಕ.

ಹಾವು ಸಾಯಲಿಲ್ಲ. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಡ್ರೈವರಪ್ಪ ಮರುದಿನ ತಟ್ಟೆ ಮುಂದೆ ಕೂತು ಕಾದ. ಹಾರ್ನ್ ಆಗಲಿಲ್ಲ. ಅನ್ನ ತಣ್ಣಗಾಯಿತು. ಅದರ ಮರುದಿನವೂ ಕಾದ.

"ಉಣ್ಣಪ್ಪ" ಅಂದ ಮಗ. "ಶಬ್ದ ನಿಂತಿತಲ್ಲ, ನೆಮ್ಮದಿಯಾಗಿ ಉಣ್ಣು."

"ಬಿದ್ದೆನಲ್ಲೋ. ಅವತ್ತು ಕರೆದಾಗ ಹೋಗೋಕಾಗ್ಲಿಲ್ಲ, ಈ ಸಲನೂ ಹೊಸ್ತಿಲಲ್ಲೇ ಬಿದ್ದೆ. ಇನ್ಯಾಕೆ ಕರೀತಾಳೆ ಅವಳು? ಇವನು ಬರೋ ಗಿರಾಕಿ ಅಲ್ಲ ಅಂತ ಬಿಟ್ಟುಬಿಟ್ಲು."

ಮೊದಲು ನಾಲ್ಕು ತುತ್ತಾದರೂ ಇಳಿಯುತ್ತಿತ್ತು. ಈಗ ಅದೂ ನಿಂತಿತು. ಚಹಾದಲ್ಲಿ ಅದ್ದಿದ ಬ್ರೆಡ್ಡು ಕೂಡ ಬೇಡ. ಹಗಲೆಲ್ಲ ಒಳಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಮಂಚದ ಕಡೆ ಮುಖ ಮಾಡಿ ಕೂರುವನು. ಸ್ವಿಚ್ಚು ಇಲ್ಲದ್ದನ್ನು ಅವನು ನೋಡಿದನೋ ಇಲ್ಲವೋ, ಕೇಳಲಿಲ್ಲ. ಡಾಕ್ಟರು ಬಂದು ನಾಡಿ ಹಿಡಿದು, ಹೀಗೇ ಆದರೆ ಕಷ್ಟ ಎಂದು ಮಗನಿಗೆ ಬಾಗಿಲ ಹೊರಗೆ ಹೇಳಿದರು. ಬಾಗಿಲ ಒಳಗಿದ್ದ ಸೊಸೆಗೂ ಅದು ಕೇಳಿಸಿತು.

"ಹೇಳಿಬಿಡ್ತೀನಿ" ಅಂದಳು ಅವಳು ಮಗಳಿಗೆ, ಅಕ್ಕಿ ತೊಳೆಯುತ್ತ.

"ಅಪ್ಪ ಸುಮ್ಮನಿರಲ್ಲಮ್ಮ."

"ಇರೋದು ಬೇಡ. ಕೇಳಿಸ್ಕೊಳ್ಳಲಿಲ್ಲ ಅಂತ ಒಬ್ಬರು ಸಾಯ್ತಿದಾರೆ ಕಣೇ, ಶಬ್ದವೇ ಆಗದ್ದಕ್ಕೆ."

ಕೈ ಒರೆಸಿಕೊಂಡು ನೆಟ್ಟಗೆ ಒಳಕೋಣೆಗೆ ಹೋದಳು. ಮಾವನ ಎದುರು ನೆಲದ ಮೇಲೆ ಕೂತು, ಮಗಳಿಗೆ ಹೇಳಿದ್ದನ್ನೇ ಹೇಳಿದಳು. ರಾತ್ರಿಗಳನ್ನು, ಕತ್ತರಿಯನ್ನು, ಗಂಜಿಬಟ್ಟೆಯನ್ನು, ತಾನು ಕಸಕ್ಕೆಸೆದ ಸ್ವಿಚ್ಚನ್ನು, ಎಲ್ಲವನ್ನೂ. ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

"ನೀವು ಕೇಳಿಸ್ಕೊಳ್ಳದೆ ಇರ್ಲಿಲ್ಲ ಮಾವ. ಅದು ಕೂಗ್ಲೇ ಇಲ್ಲ."

ಮುದುಕ ಅವಳನ್ನು ಗುರುತು ಹಿಡಿಯುವವನ ಹಾಗೆ ನೋಡಿದ.

"ನೀನು ಚಹಾ ತಗೊಂಡು ಹೋದಾಗ," ಅಂದ, "ಅವಳ ಕೈ ಎಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. "ಸ್ವಿಚ್ಚಿನ ಮೇಲಿತ್ತು. ಯಾವಾಗ್ಲೂ ಅಲ್ಲೇ ಇರ್ತಿತ್ತು ಮಾವ. ನಿದ್ದೇಲೂ."

ಮಗ ಆಗ ಸಿಡಿದ. ಅಮ್ಮ ಒತ್ತಿ ಒತ್ತಿ ಸತ್ತಳು, ನೀನು ಪಕ್ಕದ ಕೋಣೆಯಲ್ಲಿ ಗಡದ್ದಾಗಿ ಮಲಗಿದ್ದೆ ಎಂದ. ಹೌದು ಮಲಗಿದ್ದೆ ಎಂದಳು ಅವಳು. ಎರಡು ವರ್ಷದಲ್ಲಿ ಒಂದು ರಾತ್ರಿ ನೀವು ಎದ್ದಿದ್ದು ನೆನಪಿದ್ದರೆ ಹೇಳಿ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದವನು ಊಟದ ಹೊತ್ತು ಮೀರಿ ಬಂದ. ಅವನಿಗೆ ತಟ್ಟೆ ಇಟ್ಟವಳು ಮಗಳು.

ಎರಡು ದಿನ ಡ್ರೈವರಪ್ಪ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸೊಸೆ ತನ್ನ ಎರಡು ಸೀರೆಗಳನ್ನು ಮಡಚಿ ಚೀಲದ ಪಕ್ಕ ಇಟ್ಟಿದ್ದಳು, ಚೀಲದೊಳಗೆ ಹಾಕಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮುದುಕ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದ.

"ಟೆಸ್ಟರೂ, ಆ ತಂತಿ ಗಂಟು ಹಾಕು. ಹೊಸ ಸ್ವಿಚ್ಚು ಕೂರಿಸು." ಆಮೇಲೆ ಸೊಸೆಯ ಕಡೆ ತಿರುಗಿದ. "ಮಧ್ಯಾಹ್ನ ನೀನು ಮಂಚದ ಮೇಲೆ ಮಲಕ್ಕೊಂಡು ಒಂದ್ಸಲ ಒತ್ತಬೇಕು. ನಾನು ಹಿಂದಿನ ಸೀಟಲ್ಲಿರ್ತೀನಿ."

"ಅಪ್ಪಾ, ಇದೇನು ಹುಚ್ಚು!" ಅಂದ ಮಗ.

"ಹುಚ್ಚೇ ಇರಬಹುದು. ನಿನ್ನನ್ನ ಕೇಳ್ಲಿಲ್ಲ ನಾನು."

"ಒತ್ತುತ್ತೀನಿ ಮಾವ" ಅಂದಳು ಸೊಸೆ.

ಹಾಸಿಗೆ ಬಿಚ್ಚಿ ಹಾಸಿದರು. ಮುದುಕಿಯ ಹೊದಿಕೆಯನ್ನೇ ಹೊದಿಸು ಎಂದ ಡ್ರೈವರಪ್ಪ, ಮೊಮ್ಮಗಳು ಹೊದಿಸಿದಳು. ಎಲ್ಲರೂ ಹೊರಗೆ ಹೋದರು. ಸೊಸೆ ಆ ಮಂಚದಲ್ಲಿ ಎಂದೂ ಮಲಗಿದವಳಲ್ಲ. ಅಲ್ಲಿಂದ ನೋಡಿದರೆ ಬಾಗಿಲಿನ ಒಂದು ಪಕ್ಕ ಮಾತ್ರ ಕಾಣುತ್ತದೆ, ಯಾರು ಬರುತ್ತಾರೆಂಬುದು ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ದಿಂಬಿನಲ್ಲಿ ಅತ್ತೆಯ ಎಣ್ಣೆಯ ವಾಸನೆ ಇನ್ನೂ ಇತ್ತು. ಅವಳು ಒತ್ತಿದಳು.

ಹಾರ್ನ್ ಆಯಿತು. ಕಾರಿನ ಬಾಗಿಲು ತೆರೆದ ಸದ್ದು. ಚಪ್ಪಲಿ ಎಳೆಯುವ ಸದ್ದು. ಅದು ಅಡುಗೆಮನೆಯ ಬಾಗಿಲಿನವರೆಗೆ ಬಂತು. ಅಲ್ಲಿ ನಿಂತಿತು. ಮತ್ತೆ ಎಳೆಯತೊಡಗಿತು, ನಡುಮನೆ ದಾಟಿತು, ಹೊಸ್ತಿಲು ದಾಟಿತು.

"ಏನೇ?" ಅಂದ ಮುದುಕ. "ಏನು ಬೇಕು?"

ಅವಳು ಸುಮ್ಮನಿರಬೇಕೆಂದಿದ್ದಳು. ಬಾಯಿಂದ ಬಂದದ್ದು, "ನೀರು."

ಅವನು ಹೋಗಿ ನೀರು ತಂದ. ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು. ಅವಳ ಕತ್ತಿನ ಕೆಳಗೆ ಕೈ ಕೊಟ್ಟು ತಲೆ ಎತ್ತಿ, ಲೋಟವನ್ನು ತುಟಿಗೆ ಹಿಡಿದ. ಹೇಗೆ ಕುಡಿಸಬೇಕೆಂದು ಅವನಿಗೆ ಬರುತ್ತಿರಲಿಲ್ಲ, ಎಂದೂ ಕುಡಿಸಿದವನಲ್ಲ. ಗಲ್ಲದ ಮೇಲೆ, ಕುತ್ತಿಗೆಯ ಮೇಲೆ ಹರಿಯಿತು. ಅವಳು ಒಂದು ಹನಿಯನ್ನೂ ಬೇಡವೆನ್ನದೆ ಕುಡಿದಳು.

ತಲೆಯನ್ನು ಮೆಲ್ಲಗೆ ದಿಂಬಿಗಿಟ್ಟು ಅವನು ಹೋಗಲಿಲ್ಲ, ಸ್ಟೂಲಿನ ಮೇಲೆ ಕೂತ. ಬಗ್ಗಿ, ಬೇರೆ ಯಾರಿಗೂ ಕೇಳಬಾರದ ಗುಟ್ಟು ಹೇಳುವವನ ಹಾಗೆ ಅಂದ.

"ಸೊಸೆ ಮೇಲೆ ಕೋಪ ಮಾಡ್ಕೋಬೇಡ. ಪಾಪದ ಹೆಣ್ಣು. ಅವಳಿಗೆ ನಿದ್ದೆ ಇರ್ಲಿಲ್ಲ."

ಮಂಜುಗಣ್ಣು ಅವಳ ಮುಖದ ಮೇಲೇ ಇತ್ತು, ಕಾಯುತ್ತಿತ್ತು. ಅವನು ತನ್ನಲ್ಲಿ ಯಾರನ್ನು ನೋಡುತ್ತಿದ್ದಾನೆ, ತಿಳಿದೇ ಕೇಳುತ್ತಿದ್ದಾನೋ ತಿಳಿಯದೆಯೋ, ಅವಳಿಗೆ ಗೊತ್ತಾಗಲಿಲ್ಲ. ಆದರೆ ತಾನು ಉತ್ತರ ಹೇಳದೆ ಅವನು ಅಲ್ಲಿಂದ ಏಳುವುದಿಲ್ಲ ಎಂಬುದು ಗೊತ್ತಾಯಿತು. ಅತ್ತೆಯ ಪರವಾಗಿ ಹೇಳುವ ಹಕ್ಕು ತನಗಿಲ್ಲ ಎಂಬುದೂ ಗೊತ್ತಿತ್ತು.

"ಕೋಪ ಇಲ್ಲ ಬಿಡಿ" ಅಂದಳು. ದನಿ ಪಕ್ಕದ ಕೋಣೆಗೂ ಕೇಳದಷ್ಟು ಸಣ್ಣಗಿತ್ತು. "ನೀವು ಹೋಗಿ ಉಣ್ಣಿ."

"ಹ್ಞಾ" ಅಂದ ಡ್ರೈವರಪ್ಪ. ಲೋಟ ತೆಗೆದುಕೊಂಡು ಎದ್ದ, ಹೋಗುವಾಗ ಬಾಗಿಲನ್ನು ಸದ್ದಾಗದ ಹಾಗೆ ಮುಂದೆಳೆದುಕೊಂಡ.

ಸ್ವಲ್ಪ ಹೊತ್ತಿಗೆ ನಡುಮನೆಯಿಂದ ತಟ್ಟೆ ಇಟ್ಟ ಸದ್ದು ಕೇಳಿಸಿತು. ಅನ್ನ ಬಡಿಸಿದ ಸೌಟಿನ ಸದ್ದು. ಮಗ ಏನೋ ಕೇಳಿದ, ಮುದುಕ "ಹಾಕು, ಇನ್ನೂ ಸ್ವಲ್ಪ ಹಾಕು" ಅಂದ. ಸೊಸೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಒದ್ದೆಯಾದ ದಿಂಬಿನ ಮೇಲೆ ಅಲುಗಾಡದೆ ಮಲಗಿದ್ದಳು. ಅವನು ಉಂಡು ಮುಗಿಸಿ ಕೈ ತೊಳೆಯುವವರೆಗೂ ಅವಳು ಏಳಲಿಲ್ಲ.